ಏಡ್ಸ್ ಕುರಿತ ಚಿತ್ರ ಪ್ರದರ್ಶನ: ನೋಡಿ ಎದ್ದು ಹೋದರೆ ಸಾಲದು



ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಅದರ ಸಮೀಪದ ಆದಿತ್ಯವಾರ ಪೂಜೆಯ ಬಳಿಕ ಸಭಾಭವನದಲ್ಲಿ ಈ ಬಗ್ಗೆ ಒಂದು ಚಿತ್ರ ತೋರಿಸಬೇಕೆಂದು ನಮ್ಮ ಯುವಜನರು ಕೇಳಿದ್ದಾರೆ. "ಇಗರ್ಜಿಯ ಅಂಗಳದಲ್ಲಿ ಇಂಥ ವಿಷಯ ಬೇಕೇ ಫಾದರ್?" ಎಂದು ಹಿರಿಯರೊಬ್ಬರು ವಿಚಾರಿಸಿದರು. ಬೇಕೆಂದೇ ನನ್ನ ಅಭಿಪ್ರಾಯ. ಆದರೆ ಎಂಥ ಚಿತ್ರ ಎಂಬುದು ಮುಖ್ಯ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆರಂಭದ ವರ್ಷಗಳ ಪ್ರಚಾರದಲ್ಲಿ ತಲೆಬುರುಡೆ, ಸಾವು ಇವೇ ಹೆಚ್ಚು. ಹೆದರಿದವನು ರಕ್ತ ಪರೀಕ್ಷೆಗೆ ಹೋಗುವುದಿಲ್ಲ, ಅಡಗಿಕೊಳ್ಳುತ್ತಾನೆ. ಅಂಥ ಚಿತ್ರ ನಮಗೆ ಬೇಡ.

2007ರಲ್ಲಿ ಮೀರಾ ನಾಯರ್ ನೇತೃತ್ವದಲ್ಲಿ 'ಏಡ್ಸ್ ಜಾಗೋ' ಎಂಬ ಹೆಸರಿನಿಂದ ನಾಲ್ಕು ಕಿರುಚಿತ್ರಗಳು ತಯಾರಾದವು. ಅವುಗಳಲ್ಲಿ ಸಂತೋಷ್ ಶಿವನ್ ನಿರ್ದೇಶಿಸಿದ 'ಪ್ರಾರಂಭ' ಕನ್ನಡದ್ದು. ಪ್ರಭುದೇವ ಅದರಲ್ಲಿ ಲಾರಿ ಚಾಲಕ. ತಾಯಿಯನ್ನು ಹುಡುಕಿ ಹೊರಟ, ಎಚ್.ಐ.ವಿ. ಇದೆಯೆಂದು ಶಾಲೆಯಿಂದ ಹೊರಗಾದ ಹುಡುಗನೊಬ್ಬ ಅವನಿಗೆ ಜೊತೆಯಾಗುತ್ತಾನೆ. ಲಾರಿ ಚಾಲಕರೆಂದರೆ ರೋಗ ಹರಡುವವರು ಎಂದು ಬೆರಳು ತೋರಿಸುವ ಕಾಲದಲ್ಲಿ, ಆ ಹುಡುಗನ ಕೈ ಹಿಡಿಯುವವನು ಚಾಲಕನೇ ಆಗಿರುವುದು ನನಗೆ ಬಹಳ ಹಿಡಿಸಿತು.

ಇದು ಬರೇ ಕಥೆಯಲ್ಲ. 2003ರಲ್ಲಿ ನಮ್ಮ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಇಬ್ಬರು ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. ಇತರ ಮಕ್ಕಳ ಹೆತ್ತವರೇ ವಿರೋಧಿಸಿದರು. ಅಂದಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಆ ಮಕ್ಕಳನ್ನು ಎಲ್ಲರೆದುರು ಅಪ್ಪಿಕೊಂಡರು. ಅಕ್ಷರಸ್ಥರ ನಾಡು ಎಂಬ ಹೆಮ್ಮೆ ನಮಗಿದೆಯಲ್ಲ!

ಚಿತ್ರ ಮುಗಿದ ಮೇಲೆ ಪ್ರಶ್ನೆಗಳಿಗೆ ಅರ್ಧ ಗಂಟೆಯಾದರೂ ಬೇಕು. ತೋಟದವರ ಮೊದಲ ಪ್ರಶ್ನೆ ಸೊಳ್ಳೆಯದ್ದೇ. ಅಡಿಕೆ ಹಾಳೆಯಲ್ಲಿ ನಿಂತ ನೀರಿನ ಸೊಳ್ಳೆ ಡೆಂಗ್ಯೂ ತರುತ್ತದೆ, ಏಡ್ಸ್ ತರುವುದಿಲ್ಲ. ಎಚ್.ಐ.ವಿ. ವೈರಸ್ ಸೊಳ್ಳೆಯ ದೇಹದಲ್ಲಿ ಬೆಳೆಯುವುದಿಲ್ಲ. ಕಚ್ಚುವಾಗ ಸೊಳ್ಳೆ ತನ್ನ ಜೊಲ್ಲನ್ನು ಬಿಡುತ್ತದೆಯೇ ಹೊರತು ಹಿಂದೆ ಹೀರಿದ ರಕ್ತವನ್ನಲ್ಲ. ಸೋಂಕು ಇರುವ ಕೆಲಸದಾಳು ಹಿಡಿದ ಹಾರೆ ಹಿಡಿದರೆ, ಅವನೊಂದಿಗೆ ಕುಳಿತು ಗಂಜಿ ಉಂಡರೆ, ಅವನು ಕುಡಿದ ಲೋಟದಲ್ಲಿ ಕುಡಿದರೆ ಏನೂ ಆಗುವುದಿಲ್ಲ. ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವುದಕ್ಕೆ ಸಂಕೋಚ ಬೇಡ.

2004ರಿಂದ ಸರಕಾರ ಇದಕ್ಕೆ ಉಚಿತವಾಗಿ ಔಷಧ ಕೊಡುತ್ತಿದೆ. ವೈರಸನ್ನು ಪೂರ್ತಿ ತೆಗೆಯಲಾಗದು, ಆದರೆ ದಿನವೂ ತಪ್ಪದೆ ಔಷಧ ಸೇವಿಸಿದರೆ ಅದು ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಹಾಗೆ ತಗ್ಗಿ ನಿಂತಿರುವಾಗ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಗರ್ಭಿಣಿ ಬೇಗನೆ ಔಷಧ ಆರಂಭಿಸಿದರೆ ಮಗುವಿಗೆ ಸೋಂಕು ತಗಲುವ ಸಂಭವ ತೀರಾ ಕಡಿಮೆ. ಕೇರಳದಲ್ಲಿ 'ಜ್ಯೋತಿಸ್' ಎಂಬ ಫಲಕವಿರುವ ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಹೆಸರನ್ನು ಗುಟ್ಟಾಗಿಡುತ್ತಾರೆ. 1097ಕ್ಕೆ ಫೋನ್ ಮಾಡಿಯೂ ಕೇಳಬಹುದು. ಸೋಂಕಿನ ಕಾರಣಕ್ಕೆ ಶಾಲೆ, ಉದ್ಯೋಗ, ಚಿಕಿತ್ಸೆ ನಿರಾಕರಿಸುವುದು 2017ರ ಕಾನೂನಿನ ಪ್ರಕಾರ ನಿಷಿದ್ಧ. ಆದರೂ ಗಲ್ಫಿಗೆ ಹೊರಟವರು ವೈದ್ಯಕೀಯ ಪರೀಕ್ಷೆಯಲ್ಲಿ ಸೋಂಕು ಕಂಡರೆ ಮನೆಯಲ್ಲೂ ಹೇಳಲಾಗದೆ ಒದ್ದಾಡುತ್ತಾರೆ. ಅಂಥವರು ನನ್ನ ಬಳಿ ಬಂದರೆ ಮಾತು ನನ್ನಲ್ಲೇ ಉಳಿಯುತ್ತದೆ.

ಎಲ್ಲರೆದುರು ಪ್ರಶ್ನೆ ಕೇಳಲು ನಾಚುವವರಿಗಾಗಿ, ಮುಖ್ಯವಾಗಿ ಹೆಂಗಸರಿಗಾಗಿ, ಸಭಾಭವನದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಡೋಣ. ಹೆಸರಿಲ್ಲದ ಚೀಟಿ ಸಾಕು. ಉತ್ತರ ಹೇಳಲು ವೈದ್ಯರೊಬ್ಬರನ್ನು ಕರೆಯುವ ಕೆಲಸ ವಾಳೆಯ ಗುರಿಕಾರರಿಗೆ ಬಿಟ್ಟಿದ್ದೇನೆ.