ಜೇನುತುಪ್ಪದಲ್ಲಿ ಲೋಹಗಳು

ಜೇನುತುಪ್ಪವನ್ನು 'ಖನಿಜಗಳ ಆಗರ' ಎಂದು ಬಣ್ಣಿಸುವುದುಂಟು. ಇದು ಎಷ್ಟು ನಿಜ? ಜೇನನ್ನು ಮೂಸೆಯಲ್ಲಿಟ್ಟು ಪೂರ್ತಿ ಸುಟ್ಟಾಗ ಉಳಿಯುವ ಬೂದಿ ಅದರ ಖನಿಜಾಂಶವನ್ನು ಸೂಚಿಸುತ್ತದೆ. ಹೂವಿನ ಜೇನಿನಲ್ಲಿ ಅದು ಸಾಮಾನ್ಯವಾಗಿ ಶೇ. 0.6ನ್ನು ಮೀರದು. ಖನಿಜಗಳಲ್ಲಿ ಪೊಟ್ಯಾಸಿಯಂನದೇ ಸಿಂಹಪಾಲು. 100 ಗ್ರಾಂ ಜೇನಿನಲ್ಲಿ ಕ್ಯಾಲ್ಸಿಯಂ ಸುಮಾರು 6 ಮಿಲಿಗ್ರಾಂ. ಅಷ್ಟೇ ತೂಕದ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಆಗರ ಯಾವುದೆಂದು ಓದುಗರೇ ನಿರ್ಧರಿಸಬಹುದು!

ಬೂದಿ ತೂಗುವ ತಾಪತ್ರಯ ಈಗ ಕಡಿಮೆಯಾಗಿದೆ. ನೀರಿನಲ್ಲಿ ಕರಗಿದ ಸಕ್ಕರೆಯ ಅಣುಗಳು ಅಯಾನುಗಳಾಗಿ ಒಡೆಯುವುದಿಲ್ಲ, ಲವಣಗಳು ಒಡೆಯುತ್ತವೆ. ಆದ್ದರಿಂದ ಜೇನಿನ ದ್ರಾವಣದ ವಿದ್ಯುದ್ವಾಹಕತೆಯನ್ನು ಅಳೆದರೆ ಖನಿಜಾಂಶದ ಅಂದಾಜು ಸಿಗುತ್ತದೆ. ಕೆಲವು ಅಪವಾದಗಳನ್ನು ಬಿಟ್ಟರೆ, ಹೂವಿನ ಜೇನಿಗೆ ಅಂತರರಾಷ್ಟ್ರೀಯ ಮಿತಿ ಸೆಂಟಿಮೀಟರಿಗೆ 0.8 ಮಿಲಿಸೀಮನ್ಸ್. ಕಾಲೇಜಿನ ಪ್ರಯೋಗಾಲಯದಲ್ಲಿ ವಾಹಕತಾ ಮಾಪಕವಿದ್ದರೆ ಮಾಡಿ ನೋಡಬಹುದಾದ ಪ್ರಯೋಗವಿದು. ಆದರೆ ಇದನ್ನೇ ಕಲಬೆರಕೆಯ ಪರೀಕ್ಷೆ ಎಂದುಕೊಳ್ಳಬೇಡಿ. ಬೆಲ್ಲದ ಪಾಕದಲ್ಲೂ ಲವಣಗಳಿವೆ.

ಈ ಧಾತುಗಳು ಮಣ್ಣಿನಿಂದ ಬೇರಿಗೆ, ಬೇರಿನಿಂದ ಮಕರಂದಕ್ಕೆ, ಅಲ್ಲಿಂದ ಜೇನುಗೂಡಿಗೆ ಬರುತ್ತವೆ. ಇದಕ್ಕೊಂದು ವಿಲಕ್ಷಣ ನಿದರ್ಶನ 2021ರಲ್ಲಿ ಪ್ರಕಟವಾಯಿತು. ಅಮೆರಿಕದ ಪೂರ್ವಭಾಗದಿಂದ ಸಂಗ್ರಹಿಸಿದ 122 ಜೇನಿನ ಮಾದರಿಗಳ ಪೈಕಿ 68ರಲ್ಲಿ ವಿಕಿರಣಪಟು ಸೀಸಿಯಂ-137 ಪತ್ತೆಯಾಯಿತು. ಅದು 1950–60ರ ದಶಕಗಳ ಬೈಜಿಕ ಬಾಂಬ್ ಪರೀಕ್ಷೆಗಳ ಪಳೆಯುಳಿಕೆ. ಸೀಸಿಯಂನ ಅರ್ಧಾಯು ಸುಮಾರು 30 ವರ್ಷ. ಆವರ್ತ ಕೋಷ್ಟಕದಲ್ಲಿ ಸೀಸಿಯಂ, ಪೊಟ್ಯಾಸಿಯಂ ಒಂದೇ ಗುಂಪಿನವು. ಪೊಟ್ಯಾಸಿಯಂ ಕಡಿಮೆಯಿರುವ ಮಣ್ಣಿನಲ್ಲಿ ಗಿಡ ಅದರ ಬದಲು ಸೀಸಿಯಂ ಅನ್ನು ಹೀರುತ್ತದೆ. ಅಂತಹ ಮಣ್ಣಿನ ಸೀಮೆಯ ಜೇನಿನಲ್ಲೇ ಅದು ಹೆಚ್ಚಾಗಿತ್ತು.

ಹೆದರಬೇಕೆ? ಅತಿ ಹೆಚ್ಚಿನ ಅಳತೆ ಕಿಲೋಗ್ರಾಂಗೆ ಸುಮಾರು 19 ಬೆಕೆರಲ್. ಬಿಗಿ ನಿಯಮಗಳಿರುವ ಜಪಾನಿನಲ್ಲಿ ಸಾಮಾನ್ಯ ಆಹಾರಕ್ಕೆ 2012ರಿಂದ ಇರುವ ಮಿತಿ 100. ನಮ್ಮ ದೇಹದಲ್ಲಿರುವ ಸಹಜ ಪೊಟ್ಯಾಸಿಯಂ-40 ಒಂದೇ ಸುಮಾರು 4000 ಬೆಕೆರಲ್ ಪಟುತ್ವ ಹೊಂದಿದೆ.

ಎಚ್ಚರ ಬೇಕಿರುವುದು ಪಾತ್ರೆಯ ವಿಷಯದಲ್ಲಿ. ಜೇನಿನ ಪಿಎಚ್ ಸುಮಾರು 4, ಅಂದರೆ ಅದು ಆಮ್ಲೀಯ. ಸತುವಿನ ಲೇಪವಿರುವ ತಗಡಿನ ಡಬ್ಬದಲ್ಲಿಟ್ಟರೆ ಸತು ಕರಗಿ ಜೇನಿಗೆ ಸೇರುತ್ತದೆ. ಬೆಸುಗೆಯಲ್ಲಿ ಸೀಸವಿದ್ದರೆ ಅದೂ ಸೇರಬಹುದು. ಐರೋಪ್ಯ ಒಕ್ಕೂಟದಲ್ಲಿ ಜೇನಿನ ಸೀಸಕ್ಕೆ ಮಿತಿ ಕಿಲೋಗ್ರಾಂಗೆ 0.10 ಮಿಲಿಗ್ರಾಂ ಮಾತ್ರ. ಗಾಜಿನ ಇಲ್ಲವೇ ಸ್ಟೀಲಿನ ಪಾತ್ರೆ ಲೇಸು.

ಅಂದಹಾಗೆ, ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು ಎನ್ನುವುದಕ್ಕೆ ಕಾರಣ ಲೋಹಗಳಲ್ಲ. ಜೇನಿನಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಬ್ಯಾಕ್ಟೀರಿಯದ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಅವುಗಳನ್ನು ಬೂದಿಯ ತೂಕವಾಗಲಿ ವಾಹಕತಾ ಮಾಪಕವಾಗಲಿ ತೋರಿಸಿಕೊಡುವುದಿಲ್ಲ.