ಬಾಂಡ್ ಸಾಹೇಬರ ಬಂಗಾರದ ಕಾರು: ನಿಮ್ಮ ಅಟ್ಟದ ಮೇಲೂ ಇದೆಯೇ?

ಜೇಮ್ಸ್ ಬಾಂಡ್ ಎಂದೊಡನೆ ಶಾನ್ ಕಾನರಿ, ಶಾನ್ ಕಾನರಿ ಎಂದೊಡನೆ 1964ರ 'ಗೋಲ್ಡ್‌ಫಿಂಗರ್' ಚಿತ್ರದ ಆಸ್ಟನ್ ಮಾರ್ಟಿನ್ ಕಾರು! ಆ ಬಾಂಡ್ ಗಾಳಿ ನಮ್ಮ ಗಾಂಧಿನಗರಕ್ಕೂ ಬೀಸಿ, 1968ರಲ್ಲಿ 'ಜೇಡರ ಬಲೆ'ಯ ಅಣ್ಣಾವ್ರು ಸಿ.ಐ.ಡಿ. 999 ಆದದ್ದು ಯಾರಿಗೆ ಗೊತ್ತಿಲ್ಲ? ಆದರೆ ಈ ವಾರ ನಾನು ಹೇಳಹೊರಟಿರೋದು ಹೀರೋ ಕಥೆಯಲ್ಲ, ಕಾರಿನ ಕಥೆ. ಅದೂ ನಾಲ್ಕಂಗುಲಕ್ಕೂ ಕಮ್ಮಿ ಉದ್ದದ ಆಟಿಕೆ ಕಾರಿನದು!

ಬ್ರಿಟನ್ನಿನ 'ಕಾರ್ಗಿ ಟಾಯ್ಸ್' 1965ರಲ್ಲಿ ಬಿಡುಗಡೆ ಮಾಡಿದ 261ನೇ ನಂಬರಿನ ಕಾರು ಇದು. ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ತಯಾರಿಸಿದ್ದು. ಚಿತ್ರದ ಕಾರು ಬೆಳ್ಳಿ ಬಣ್ಣದ್ದು, ಆಟಿಕೆ ಮಾತ್ರ ಬಂಗಾರದ ಬಣ್ಣ! ಪಕ್ಕದ ಗುಂಡಿ ಒತ್ತಿದರೆ ಮುಂದೆ ಮೆಷಿನ್‌ಗನ್ ಇಣುಕುತ್ತೆ. ಸೈಲೆನ್ಸರ್ ಕೊಳವೆ ಒತ್ತಿದರೆ ಹಿಂದೆ ಗುರಾಣಿ ಏಳುತ್ತೆ. ಇನ್ನೊಂದು ಗುಂಡಿಗೆ ಟಾಪು ತೆರೆದು, ಪಕ್ಕದ ಸೀಟಿನ ಖಳ ಛಂಗನೆ ಹೊರಕ್ಕೆ!

ಲಕ್ಷಗಟ್ಟಲೆ ಮಾರಾಟವಾದ ಕಾರು ಅಪರೂಪ ಹೇಗಾದೀತು ಅಂತೀರಾ? ಗುಟ್ಟು ಇರೋದೇ ಇಲ್ಲಿ. ಮಕ್ಕಳು ಆಡಿ ಆಡಿ ಆ ಖಳನನ್ನು ಕಳೆದರು, ಡಬ್ಬ ಹರಿದು ಎಸೆದರು. ಕಾರಿನ ಜೊತೆ ಒಂದು ಲಕೋಟೆಯಲ್ಲಿ ಗುಪ್ತ ಸೂಚನೆಯ ಚೀಟಿ, 007 ಬ್ಯಾಡ್ಜು, ಇನ್ನೊಬ್ಬ ಖಳ ಇರುತ್ತಿದ್ದವು. ಅಷ್ಟೂ ಉಳಿದಿರುವ ಕಾರು ಮಾತ್ರ ಇಂದು ಅಪರೂಪ!

1968ರಲ್ಲಿ ಬಂದ 270ನೇ ನಂಬರಿನದು ಬೆಳ್ಳಿ ಬಣ್ಣದ್ದು. ಅದರಲ್ಲಿ ತಿರುಗುವ ನಂಬರ್ ಪ್ಲೇಟು, ಚಕ್ರದಿಂದ ಚಾಚುವ ಟಯರ್ ಸೀಳುವ ಮುಳ್ಳು ಇವೆ. 1978ರದು ಗಾತ್ರದಲ್ಲೇ ದೊಡ್ಡದು. ಆಮೇಲೂ ಎಷ್ಟೋ ಮರುಮುದ್ರಣ ಬಂದಿವೆ. ಆದ್ದರಿಂದ ಮೊದಲು ಬಣ್ಣ, ಗಾತ್ರ, ಗುಂಡಿಗಳ ಕೆಲಸ ನೋಡಿ. ಬಿಡಿಭಾಗಗಳಲ್ಲಿ ನಕಲಿ ಧಾರಾಳ, ಎಚ್ಚರ! ಮಾಸಿದ ಕಾರಿನೊಳಗೆ ಖಳನೊಬ್ಬ ಫಳಫಳ ಹೊಳೆಯುತ್ತಿದ್ದರೆ ಅನುಮಾನ ಪಡಿ.

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ತೀರಿಹೋದ ಅಣ್ಣ ಲಂಡನ್ನಿನಿಂದ ತಂದುಕೊಟ್ಟ ಬಂಗಾರದ ಕಾರು ಅವರ ಬೀರುವಿನಲ್ಲಿತ್ತು. ಮೊಮ್ಮಗಳ ಕಾಲೇಜ್ ಫೀಸಿಗೆ ಮಾರಬೇಕೆಂದು, ಅಂದಗಾಣಿಸಲು ಗ್ಯಾರೇಜಿಗೆ ಒಯ್ಯುವವರಿದ್ದರು. "ಸಾರ್, ದಮ್ಮಯ್ಯ, ಬಣ್ಣ ಮಾತ್ರ ಹೊಡೆಸಬೇಡಿ!" ಅಂದೆ. ಹೊಸ ಬಣ್ಣ ಬಿದ್ದ ಕ್ಷಣ ಮೂಲ ಬಣ್ಣದ ಬೆಲೆ ಹೋದಂತೆಯೇ. ಗೀಚು ಬಿದ್ದಿದ್ದರೂ ಹಳೇ ಬಣ್ಣವೇ ಮೇಲು. ಕೊನೆಗೆ ಅವರು, "ಅಣ್ಣನ ಕೈ ಮುಟ್ಟಿದ ಬಣ್ಣ ಕಣಯ್ಯಾ, ಇರಲಿ ಬಿಡು" ಎಂದು ಬೀರುವಿಗೇ ಇಟ್ಟರು. ಫೀಸಿಗೆ ಬೇರೆ ದಾರಿ ಹುಡುಕಿದರು.

ಬೆಲೆ ತಿಳಿಯಬೇಕೇ? ಮಾರುವವನು ಬಾಯಲ್ಲಿ ಹೇಳಿದ ರೇಟಿಗೆ ಬೆಲೆ ಕೊಡಬೇಡಿ. ಹರಾಜಿನಲ್ಲಿ ನಿಜವಾಗಿ ಕೈ ಬದಲಾಯಿಸಿದ ಹಣ ಎಷ್ಟೆಂದು ನೋಡಿ. ಮೂಲ ಡಬ್ಬ, ಲಕೋಟೆ ಇದ್ದರೆ ಬೆಲೆ ಹಲವು ಪಟ್ಟು.

ಬಾಂಡ್ ಕಾರು ಸಿಗದಿದ್ದರೂ ನಿರಾಶೆ ಬೇಡ. ಬ್ರಿಟನ್ನಿನ ಡಿಂಕಿ ಕಂಪನಿಯ ಹಳೇ ಅಚ್ಚುಗಳಿಂದ ಕಲ್ಕತ್ತೆಯಲ್ಲಿ ತಯಾರಾದ 'ನಿಕ್ಕಿ ಟಾಯ್ಸ್' ಕಾರುಗಳನ್ನೂ ವಿದೇಶಿ ಸಂಗ್ರಾಹಕರು ಹುಡುಕುತ್ತಾರೆ. ಅಟ್ಟದಲ್ಲಿ ಸಿಕ್ಕ ಕಾರಿನ ತಳ ತಿರುಗಿಸಿ, ಹೆಸರು ಓದಿ. ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಇಷ್ಟಾದರೂ ಮಾಡಿ, ಓದುಗ ಮಹಾಶಯರೇ!