ನಡೆಯುವಾಗ ಸೆಕೆ, ನಿಂತಾಗ ಚಳಿ: ಏಕೆ ಹೀಗೆ?

ಬೆಳಗಿನ ನಡಿಗೆಗೆ ಹೊರಟಾಗ ಬೆರಳುಗಳು ತಣ್ಣಗಿರುತ್ತವೆ. ಸ್ವಲ್ಪ ಹೊತ್ತಿನಲ್ಲೇ ಮುಖ ಬಿಸಿಯಾಗಿ ಬೆವರಿಳಿಯುತ್ತದೆ. ಮನೆಗೆ ಬಂದು ಕುಳಿತರೆ ಚಳಿಯಾದಂತೆ ಅನಿಸುತ್ತದೆ. ಜ್ವರ ಬಂತೆಂದು ಹೆದರಿ ನೀವು ನಡಿಗೆಯನ್ನೇ ಬಿಡಬೇಕಾಗಿಲ್ಲ. ಆದರೆ ಯಾವುದು ಸಹಜ, ಯಾವುದು ಅಪಾಯ ಎಂಬುದು ನಿಮಗೆ ಗೊತ್ತಿರಬೇಕು.

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಶಾಖವಾಗುತ್ತದೆ. ಆರಂಭದಲ್ಲಿ ರಕ್ತ ಚರ್ಮವನ್ನು ಬಿಟ್ಟು ಸ್ನಾಯುಗಳತ್ತ ಹೆಚ್ಚು ಹರಿಯುವುದರಿಂದ ಚರ್ಮ ತಣ್ಣಗಿರುತ್ತದೆ. ಒಳಗಿನ ಶಾಖ ಏರಿದಂತೆ ಮೆದುಳಿನ ಹೈಪೋಥಲಾಮಸ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ನಡಿಗೆ ನಿಲ್ಲಿಸಿದರೆ ಶಾಖದ ಉತ್ಪಾದನೆ ಇಳಿಯುತ್ತದೆ, ಬೆವರು ಮಾತ್ರ ಆರುತ್ತಲೇ ಇರುತ್ತದೆ. ಆ ಚಳಿಗೆ ಇದೇ ಕಾರಣ. ಒದ್ದೆ ಬಟ್ಟೆ ಬದಲಿಸಿದರೆ ಸಾಕು.

ಹೊಲದ ದುಡಿಮೆಗೂ ಇದೇ ನಿಯಮ. ಗೋಕಾಕ-ಮೂಡಲಗಿ ಭಾಗದ ತುಕ್ಕಾನಟ್ಟಿಯಂಥ ಊರುಗಳಲ್ಲಿ ಎತ್ತರಕ್ಕೆ ಬೆಳೆದ ಕಬ್ಬಿನ ನಡುವೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಗಾಳಿಯಾಡುವುದಿಲ್ಲ. ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ದಪ್ಪ ಸಿಂಥೆಟಿಕ್ ಬುರ್ಖಾದೊಳಗೂ ಹೀಗೆಯೇ. ಆದ್ದರಿಂದ ತೆಳುವಾದ, ಸಡಿಲವಾದ ಹತ್ತಿಯ ಉಡುಪು ಧರಿಸಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಸಿ.

ಸುಡುವ ಸೆಕೆಯಲ್ಲೂ ಇದ್ದಕ್ಕಿದ್ದಂತೆ ಚಳಿಯಾಗಿ ರೋಮ ನಿಮಿರಿದರೆ, ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ಕೆಲಸ ನಿಲ್ಲಿಸಿ. ನೆರಳಿಗೆ ಹೋಗಿ, ಉಪ್ಪು ಸಕ್ಕರೆ ಬೆರೆಸಿದ ಲಿಂಬೆ ಶರಬತ್ತು ಕುಡಿಯಿರಿ. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ತಣ್ಣನೆಯ ಬೆವರು, ನಡುಕ ಬಂದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ತಕ್ಷಣ ಸಕ್ಕರೆ ತಿನ್ನಬೇಕು. ಎದೆ ಬಿಗಿತದೊಂದಿಗೆ ತಣ್ಣನೆಯ ಬೆವರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಮಝಾನ್‌ನಲ್ಲಿ ನಡಿಗೆಯನ್ನು ಇಫ್ತಾರ್‌ನ ನಂತರಕ್ಕೆ ಇಟ್ಟುಕೊಳ್ಳಿ. ಉಪವಾಸದಲ್ಲಿದ್ದಾಗ ಅಪಾಯದ ಲಕ್ಷಣ ಕಂಡರೆ ಸಹಿಸಿಕೊಂಡು ಕೂರಬೇಡಿ. ಪ್ರಾಣಕ್ಕೆ ಅಪಾಯವಿದ್ದಾಗ ಉಪವಾಸ ಬಿಟ್ಟು, ಬಳಿಕ ಪೂರೈಸಲು ಇಸ್ಲಾಮ್ ಅವಕಾಶ ನೀಡಿದೆ.

ಸಹೋದರಿಯರೇ, ಮನೆಮಂದಿಯ ಜ್ವರವನ್ನು ಕೈಯಿಟ್ಟು ನೋಡುವ ನಾವು ನಮ್ಮ ಮೈಯ ಮಾತನ್ನೂ ಕೇಳಬೇಕು. ಈ ದೇಹ ಅಲ್ಲಾಹನು ನಮಗೆ ವಹಿಸಿರುವ ಅಮಾನತ್ತು.